ಉಕ್ಕಿನ ಉಂಗುರದ ಕೆಳಗಿನ ಗೀರು

ಅವತ್ತು ಗುರಿ ತಪ್ಪಿದ್ದು ಮಂಜುನಾಥನ ಕೈಯಿಂದಲ್ಲ, ನನ್ನ ಹೊಟ್ಟೆಕಿಚ್ಚಿನಿಂದ. ಇದನ್ನು ಚಿಕ್ಕಪ್ಪನಿಗೆ ಹೇಳಬೇಕಾಗಿತ್ತು. ಅವರು ಈಗಿಲ್ಲ. ಮಂಜುನಾಥನಿದ್ದಾನೆ, ನಾನಿದ್ದೇನೆ, ಆ ರೈಫಲ್ಲೂ ಇದೆ — ನನ್ನ ಮನೆಯಲ್ಲಿ.

ಕೊಣನೂರಿನ ನಮ್ಮ ಚಿಕ್ಕಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಅಪ್ಪ ಹೋದ ಮೇಲೆ ನನ್ನನ್ನು ಬೆಳೆಸಿದ್ದು ಅವರೇ. ಅವರ ಬೇಟೆ ರೈಫಲ್ಲಿನ ನಳಿಗೆ ಒರೆಸಿ ಎಣ್ಣೆ ಹಾಕುವುದು ನನ್ನ ಕೆಲಸ. ಬೇಟೆ ಯಾವತ್ತೋ ನಿಂತಿತ್ತು. ಆಯುಧಪೂಜೆಯ ದಿನ ಪೂಜೆ ಮುಗಿದ ಮೇಲೆ ಹೊಲದ ದಿಬ್ಬಕ್ಕೆ ತೆಂಗಿನಕಾಯಿ ಕಟ್ಟಿ ನೆಂಟರ ಮುಂದೆ ಹೊಡೆಯುವುದೊಂದೇ ಉಳಿದಿತ್ತು. ಆ ರೈಫಲ್ಲು ಮುಂದೆ ನನಗೇ ಎಂದುಕೊಂಡಿದ್ದೆ. ಯಾರೂ ಹಾಗೆ ಹೇಳಿರಲಿಲ್ಲ — ಆದರೂ.

ಚಿಕ್ಕಪ್ಪನ ಮಗಳು ಸುಧಾಳನ್ನು ಹೊಳೆನರಸೀಪುರದ ಮಂಜುನಾಥನಿಗೆ ಕೊಟ್ಟೆವು. ಬಂದ ಮೊದಲ ವರ್ಷವೇ ಕಾಯಿ ಒಡೆದ. ಚಿಕ್ಕಪ್ಪ ನನ್ನ ಕಡೆ ತಿರುಗಿ, "ಕಣ್ಣು ಅಂದ್ರೆ ಇಂಗಿರ್ಬೇಕು ಕಣ್ಲಾ" ಅಂದರು. ನಳಿಗೆ ಒರೆಸುವವನು ನಾನು, ಹೊಗಳಿಕೆ ಅಳಿಯನಿಗೆ! ಅವನು ನಕ್ಕರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಳ್ಳೆಯವನಾಗಿದ್ದ ಎಂಬುದೇ ಇನ್ನೂ ಉರಿ.

ಒಂದು ವರ್ಷ ಚಿಕ್ಕಪ್ಪ ಲೈಸೆನ್ಸನ್ನು ಅವನ ಹೆಸರಿಗೆ ಮಾಡಿಸುವ ಮಾತೆತ್ತಿದರು. ಅದೇ ವರ್ಷ, ತಮ್ಮ ಕಣ್ಣು ಮಂಜಾಗುತ್ತಿದೆಯೆಂದು ರೈಫಲ್ಲಿಗೊಂದು ಸ್ಕೋಪು, ಅಂದರೆ ಗುರಿಯನ್ನು ಹತ್ತಿರ ತೋರಿಸುವ ದುರ್ಬೀನು, ಕೂರಿಸೋಣವೆಂದರು. ಸ್ಕೋಪನ್ನು ಹಿಡಿದು ನಿಲ್ಲಿಸುವ ಉಂಗುರಗಳಿಗೆ ಮೌಂಟು ಅನ್ನುತ್ತಾರೆ. ಮೈಸೂರಿನ ಅಂಗಡಿಯಿಂದ ಮಂಜುನಾಥ ಫೋನು ಮಾಡಿದ.

"ಭಾವ, ಮೌಂಟು ಸ್ಟೀಲಿಂದು ತರ್ಲಾ, ಅಲ್ಯೂಮಿನಿಯಮ್ದು ತರ್ಲಾ? ನಿಮ್ಗೆ ಗೊತ್ತಲ್ವಾ."

ಗೊತ್ತಿತ್ತು. ಒಳ್ಳೆಯ ಅಲ್ಯೂಮಿನಿಯಮ್ಮಾದರೆ ನಡೆಯುತ್ತದೆ. ಅಲ್ಲಿದ್ದದ್ದು ಅಗ್ಗದ ಮಾಲು, ನಮ್ಮ ರೈಫಲ್ಲೋ ಭುಜಕ್ಕೆ ಜೋರಾಗಿ ಒದೆಯುವಂಥದ್ದು. ಅರಕಲಗೂಡಿನ ಗೆಳೆಯನೊಬ್ಬನ ರೈಫಲ್ಲಿನಲ್ಲಿ ಅಂಥದೇ ಮೌಂಟು ಸಡಿಲವಾಗಿ ಸ್ಕೋಪು ಜಾರಿ ಗುರಿ ತಪ್ಪಿದ್ದನ್ನು ನಾನು ಕಣ್ಣಾರೆ ನೋಡಿದ್ದೆ.

"ಅಲ್ಯೂಮಿನಿಯಮ್ದೇ ತಕೊಂಬಾ ಕಣಯ್ಯ. ಅಗುರ. ಚಿಕ್ಕಪ್ಪಂಗೆ ಎತ್ತಕ್ಕೂ ಸಲೀಸು" ಅಂದೆ. ಚಿಕ್ಕಪ್ಪನ ಹೆಸರನ್ನೇ ಮುಂದಿಟ್ಟೆ — ಎಂಥವನು ನಾನು.

ಆಯುಧಪೂಜೆ ಬಂತು. ನಮ್ಮಲ್ಲಿ ಅವತ್ತು ಕುಡುಗೋಲು, ಸ್ಪ್ಯಾನರು, ಸ್ಕ್ರೂಡ್ರೈವರು ಎಲ್ಲಕ್ಕೂ ಕುಂಕುಮ. ಮಾರನೆಯ ಬೆಳಿಗ್ಗೆಯವರೆಗೆ ಅವುಗಳನ್ನು ಕದಲಿಸುವಂತಿಲ್ಲ. ರೈಫಲ್ಲಿಗೊಂದೇ ವಿನಾಯಿತಿ. ಮಂಜುನಾಥನ ಮೊದಲ ಗುಂಡು ಕಾಯಿಯ ಸಿಪ್ಪೆ ಸವರಿಕೊಂಡು ಹೋಯಿತು. ಎರಡನೆಯದು ತಪ್ಪಿತು. ಅವನು ಸ್ಕೋಪನ್ನು ಮುಟ್ಟಿ ನೋಡಿದ.

"ಭಾವ, ಯಾಕೋ ಅಳ್ಳಾಡ್ತಾ ಅದೆ. ಸ್ಕ್ರೂಡ್ರೈವರ್ ಕೊಡ್ತೀರಾ?"

"ಪೂಜೆಗಿಟ್ಟಿದ್ದೀವಲ್ಲಯ್ಯ. ಇವತ್ತು ಮುಟ್ಟಂಗಿಲ್ಲ."

ಯಾರೂ ಎದುರಾಡಲಿಲ್ಲ. ಸಂಪ್ರದಾಯ ನನ್ನ ಪರವಾಗಿತ್ತು. ಮೂರನೆಯ ಗುಂಡು ಎಲ್ಲೋ ದಿಬ್ಬದ ಮಣ್ಣಿಗೆ ಹೋಯಿತು. ಯಾರೋ ಕಿಸಕ್ಕನೆ ನಕ್ಕರು.

"ಇಟ್ಬುಡಪ್ಪ ಕೆಳೀಕೆ. ಕೈ ನಡುಗೋರ್ಗೆ ಇದ್ಯಾಕೆ" ಅಂದರು ಚಿಕ್ಕಪ್ಪ.

ಸುಧಾ ತಲೆ ತಗ್ಗಿಸಿದಳು. ಅವನು ರೈಫಲ್ಲನ್ನು ಜೋಪಾನವಾಗಿ ಕೆಳಗಿಟ್ಟ. ನನಗೆ — ಸುಳ್ಳು ಹೇಳಲಾರೆ — ಖುಷಿಯಾಯಿತು. ಊಟದಲ್ಲಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡು ತಿಂದೆ.

ಮಾರನೆಯ ದಿನ ಮೌಂಟು ಬಿಚ್ಚಿದರೆ ಸ್ಕೋಪಿನ ಮೈಮೇಲೆ ಉದ್ದಕ್ಕೆ ಗೀರು — ಜಾರಿದ ಗುರುತು. ಚಿಕ್ಕಪ್ಪನಿಗೆ ತೋರಿಸಿದ್ದರೆ ಸಾಕಿತ್ತು. ತೋರಿಸಲಿಲ್ಲ. ಉಕ್ಕಿನ ಮೌಂಟು ತಂದು ಕೂರಿಸಿದೆ. ಅದರ ಅಗಲದ ಉಂಗುರದ ಕೆಳಗೆ ಗೀರು ಮುಚ್ಚಿಹೋಯಿತು. ಮುಂದಿನ ವರ್ಷ ನಾನು ಕಾಯಿ ಒಡೆದೆ. ಲೈಸೆನ್ಸು ನನ್ನ ಹೆಸರಿಗಾಯಿತು. ಮಂಜುನಾಥ ಆಯುಧಪೂಜೆಗೆ ಬರುವುದನ್ನೇ ಬಿಟ್ಟ.

ಈಚೆಗೆ ಚನ್ನರಾಯಪಟ್ಟಣದ ಮದುವೆಯೊಂದರಲ್ಲಿ ಅವನೂ ನಾನೂ ಅಕ್ಕಪಕ್ಕ ಕೂತಿದ್ದೆವು. ಅವನ ಮಗಳು ಬಂದು, ಕಾಲೇಜಿನ ಎನ್‌ಸಿಸಿಯಲ್ಲಿ ರೈಫಲ್ ಕಲಿಸುತ್ತಾರಂತೆ, ಸೇರಲಾ ಎಂದು ಕೇಳಿದಳು.

"ಬ್ಯಾಡ ಕಣವ್ವ. ನಮ್ದು ನಡುಗೋ ಕೈ" ಅಂದ ಮಂಜುನಾಥ, ನಗುತ್ತಲೇ. ಅವನ ಕೈಯಲ್ಲಿ ಅಂಚಿನವರೆಗೂ ತುಂಬಿದ ಕಾಫಿ ಲೋಟವಿತ್ತು. ಒಂದು ತೊಟ್ಟೂ ತುಳುಕಲಿಲ್ಲ.

ಆ ಹುಡುಗಿ ತಲೆಯಾಡಿಸಿ ಹೋದಳು. ಅಲ್ಲೇ ಬಾಯಿ ಬಿಡಬೇಕಿತ್ತು ನಾನು... ಬಿಡಲಿಲ್ಲ.

ಆ ಅಲ್ಯೂಮಿನಿಯಂ ಮೌಂಟು ಇನ್ನೂ ನನ್ನ ಸಾಮಾನಿನ ಪೆಟ್ಟಿಗೆಯಲ್ಲಿದೆ. ವರ್ಷವರ್ಷವೂ ಅದಕ್ಕೂ ಕುಂಕುಮವಿಟ್ಟು ಕೈಮುಗಿದಿದ್ದೇನೆ. ಈ ಸಲದ ಪೂಜೆಗೆ ಮಂಜುನಾಥನನ್ನೂ ಅವನ ಮಗಳನ್ನೂ ನಾನೇ ಹೋಗಿ ಕರೆದು ಬಂದಿದ್ದೇನೆ. ಅವತ್ತು ನಕ್ಕವರನ್ನೂ ಕರೆದಿದ್ದೇನೆ. ಎಲ್ಲರ ಮುಂದೆ ಉಕ್ಕಿನ ಉಂಗುರ ಬಿಚ್ಚಿ ಆ ಗೀರು ತೋರಿಸಬೇಕು. ಆಮೇಲೆ ಅವರು ನನ್ನನ್ನು ಏನೆಂದರೂ ಸರಿಯೇ.

ಈ ವರ್ಷ ಸ್ಕ್ರೂಡ್ರೈವರನ್ನು ನಾನು ಪೂಜೆಗೆ ಇಡುವುದಿಲ್ಲ.