ಹನ್ನೊಂದು ಸಲ ಕೆರೆದ ಮುಖ

ಬೆಳಗಿನ ಐದೂವರೆ. ಓಸ್ಟೆಂಡಿನ ಮೀನು ಬಂದರಿನ ಹಿಂದಿನ ಬೀದಿ, ಒಂದು ಕಾಲಕ್ಕೆ ಬಲೆ ಹೆಣೆಯುತ್ತಿದ್ದ ಅಟ್ಟ. ಅಲ್ಲಿ ಗೋಡೆಲೀವ ಡೆವುಲ್ಫ್ ಆಳೆತ್ತರದ ಕ್ಯಾನ್ವಾಸಿನ ಮುಂದೆ ನಿಂತಿದ್ದಾರೆ. ಚಿತ್ರದಲ್ಲಿ ಅಡುಗೆಮನೆಯ ಕುರ್ಚಿ, ಅದರಲ್ಲೊಬ್ಬ ಗಂಡಸು, ತೊಡೆಯ ಮೇಲೆ ದಪ್ಪ ದಪ್ಪ ಕೈಗಳು. ಎಲ್ಲ ಮುಗಿದಿದೆ, ಮುಖವೊಂದನ್ನು ಬಿಟ್ಟು. ಅಲ್ಲಿರುವುದು ಬರೀ ಕಂದು ಕಲೆ.

"ಹನ್ನೊಂದು ಸಲ ಬರೆದೆ, ಹನ್ನೊಂದು ಸಲ ಕೆರೆದೆ. ಇವತ್ತು ಬರದಿದ್ರೆ ಮುಗೀತು ಕಥೆ" ಎನ್ನುತ್ತಾರೆ, ಅವರ ಬಗ್ಗೆ ಬರೆಯಲು ಬಂದು ಮೂಲೆಯಲ್ಲಿ ಕೂತಿರುವ ನನಗೆ.

ಅವರ ಕಟ್ಟಳೆ ಹಾಗಿದೆ. ಮೈ, ಬಟ್ಟೆ, ಗೋಡೆಗೆ ತಿಂಗಳುಗಟ್ಟಲೆ ಹಿಡಿದರೂ ಸೈ, ಮುಖ ಮಾತ್ರ ಒಂದೇ ಸಲಕ್ಕೆ, ಬಣ್ಣ ಹಸಿಯಿದ್ದಾಗಲೇ ಆಗಬೇಕು. ಆಗದಿದ್ದರೆ ಚಾಕು ಹಿಡಿದು ಕೆರೆದುಬಿಡುತ್ತಾರೆ.

ಚಿತ್ರದಲ್ಲಿ ಇರಬೇಕಾದವನು ಮಾರ್ನಿಕ್ಸ್. ಹೋದ ಮೇ ತಿಂಗಳಲ್ಲಿ ಸೀಗಡಿ ದೋಣಿಯ ಜೊತೆ ಮುಳುಗಿದ, ಹೆಣ ಸಿಗಲಿಲ್ಲ. ನಾಳೆ ಇಗರ್ಜಿಯಲ್ಲಿ ಅವನ ವರ್ಷದ ಸ್ಮರಣೆಯ ಬಲಿಪೂಜೆ, ಚಿತ್ರವನ್ನು ಅಲ್ಲಿಡಬೇಕು. ಹೆಂಡತಿ ರೋಜೆಟ್‌ಗೆ ನಿಂತು ಅಳಲು ಒಂದು ಸಮಾಧಿಯೂ ಇಲ್ಲ, ಇರುವುದು ಈ ಚಿತ್ರವೊಂದೇ. ಗಂಡನ ಸ್ವೆಟರನ್ನು ತಾನೇ ತಂದುಕೊಟ್ಟು ಹೋಗಿದ್ದಾಳೆ, ಬೊಂಬೆಗೆ ತೊಡಿಸಿ ಬರೆಯಲಿ ಎಂದು.

ಗೋಡೆಲೀವ ಬೊಂಬೆಗೆ ತೊಡಿಸಿಲ್ಲ, ಮಾರ್ನಿಕ್ಸನ ತಮ್ಮ ವಿಲ್ಫ್ರೀಡನಿಗೆ ತೊಡಿಸಿ ಕೂರಿಸಿದ್ದಾರೆ. "ಫೋಟೊದಲ್ಲಿ ಮೂಳೆ ಇರಲ್ಲ ಕಣಪ್ಪ. ಇವನ ದವಡೇಲಿ ಅಣ್ಣ ಇದ್ದಾನೆ." ಅಣ್ಣ ಮುಳುಗಿದ ದಿನ ವಿಲ್ಫ್ರೀಡನೂ ದೋಣಿಯಲ್ಲಿ ಇರಬೇಕಿತ್ತು. ಹಿಂದಿನ ಸಂಜೆ, ತನ್ನ ಮೊಮ್ಮಗಳು ಇಗರ್ಜಿಯಲ್ಲಿ ಮೊದಲ ಸಲ ಪರಮಪ್ರಸಾದ ಪಡೆದ ಔತಣದಲ್ಲಿ ಕಂಠಪೂರ್ತಿ ಕುಡಿದವನು ಬೆಳಗ್ಗೆ ಏಳಲೇ ಇಲ್ಲ. ಅಂದಿನಿಂದ ಅತ್ತಿಗೆ ಅವನ ಜೊತೆ ಮಾತು ಬಿಟ್ಟಿದ್ದಾಳೆ. ಅವನು ಇಲ್ಲಿ ಕೂರುವುದು ಅವಳಿಗೆ ಗೊತ್ತಿಲ್ಲ. ಗೊತ್ತಾದರೆ ಗತಿಯೇನು ಎಂದು ನಾನು ಬಾಗಿಲ ಕಡೆಯೇ ನೋಡುತ್ತಿದ್ದೇನೆ.

ಅರವತ್ತೊಂದರ ಗೋಡೆಲೀವ ವಾರಕ್ಕೆ ನಾಲ್ಕು ದಿನ ಅಂಗಡಿಯಲ್ಲಿ ಮೀನು ಹೆಚ್ಚುತ್ತಾರೆ. ಉಳಿದ ಹೊತ್ತು ಕುಂಚ. ಮೂವತ್ತನಾಲ್ಕು ವರ್ಷಗಳಿಂದ ವರ್ಷಕ್ಕೆ ನಾಲ್ಕೇ ಚಿತ್ರ. ಮಣ್ಣುಬಣ್ಣದ ಗೋಡೆ, ಎಡಗಡೆಯ ಕಿಟಕಿಯ ಬೆಳಕು, ಕೂತ ಮನುಷ್ಯರು. ಬೀದಿಯ ತುಂಬ ಬೆಸ್ತರಿದ್ದರೂ ಒಂದರಲ್ಲೂ ಸಮುದ್ರವಿಲ್ಲ. ಗ್ಯಾಲರಿಯವನೊಬ್ಬ ಒಂದಿಷ್ಟು ಅಲೆ ಸೇರಿಸಿ ಅಂದನಂತೆ. "ಇವರು ಅದನ್ನ ನೋಡಿದ್ದು ಸಾಕು ಅಂದೆ. ಆಸಾಮಿ ಮತ್ತೆ ಈ ಕಡೆ ತಲೆ ಹಾಕ್ಲಿಲ್ಲ!"

ಹನ್ನೆರಡನೆಯ ಮುಖ ಮೂಡುತ್ತಿದೆ. ದವಡೆ, ಮೂಗು, ಹುಬ್ಬು. "ಅಲ್ಲಮ್ಮಾ ತಾಯಿ, ಇನ್ನೂ ಸ್ವಲ್ಪ ಹೊತ್ತು ಹಿಂಗೇ ಕೂತ್ರೆ ನಂಗೂ ನಾಳೇನೇ ಪೂಜೆ ಮುಗಿಸಿಬಿಡ್ತಾರೆ" ಎಂದು ವಿಲ್ಫ್ರೀಡ್ ಗೊಣಗುತ್ತಾನೆ. "ಬಾಯ್ಮುಚ್ಚು, ತುಟಿ ಬರೀತಿದ್ದೀನಿ."

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಹತ್ತಕ್ಕೆ ಬರಬೇಕಿದ್ದ ರೋಜೆಟ್, ಎಂಟಕ್ಕೇ, ಕಂಕುಳಲ್ಲಿ ದ್ರಾಕ್ಷಿ ಬ್ರೆಡ್ಡು ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಾಳೆ.

"ಈ ಕುಡುಕನ ಮೈಮೇಲೆ ನನ್ನ ಗಂಡನ ಸ್ವೆಟರ್ರಾ? ಬಿಚ್ಚೋ ಅದನ್ನ!"

ವಿಲ್ಫ್ರೀಡ್ ಎದ್ದೇಬಿಡುತ್ತಾನೆ. "ಕೂತ್ಕೊಳೋ!" ಗೋಡೆಲೀವ ಕಿರುಚುತ್ತಾರೆ. "ಕಣ್ಣು ಇನ್ನೂ ಆಗಿಲ್ಲ. ರೋಜೆಟ್, ಬೈಯೋದಿದ್ರೆ ನನ್ನ ಬೈಯಿ. ನಿನಗೆ ಹೇಳದೆ ಇವನ್ನ ಕರೆಸಿದ್ದು ನಾನು, ತಪ್ಪು ನಂದೇ."

ರೋಜೆಟ್ ನೆಟ್ಟಗೆ ಕುರ್ಚಿಯತ್ತ ನಡೆಯುತ್ತಾಳೆ. ಹೊಡೆದೇ ಬಿಡುತ್ತಾಳೆ ಅಂದುಕೊಳ್ಳುತ್ತೇನೆ. ಅವಳು ಮೈದುನನ ಎಡಗೈ ಸೆಳೆದು, ಸ್ವೆಟರಿನ ತೋಳನ್ನು ಎರಡು ಮಡಿಕೆ ಮಡಚುತ್ತಾಳೆ.

"ಎಡಗಡೆದು ಯಾವಾಗ್ಲೂ ಮಡಚ್ಕೋತಿದ್ದ. ಅಷ್ಟೂ ಗೊತ್ತಿಲ್ವೇನೋ ನಿಂಗೆ?"

"ಗೊತ್ತಿತ್ತು ಅತ್ತಿಗೆ. ಮಡಚೋಕೆ ಧೈರ್ಯ ಬರ್ಲಿಲ್ಲ."

ಅವನ ಕಣ್ಣು ತುಂಬುತ್ತದೆ. ಗೋಡೆಲೀವರ ಕುಂಚ ಆಗ ಓಡುತ್ತದೆ ನೋಡಿ, ಇಪ್ಪತ್ತು ನಿಮಿಷದಲ್ಲಿ ಕಣ್ಣೂ ಮುಗಿಯುತ್ತದೆ.

ರೋಜೆಟ್ ಚಿತ್ರದ ಮುಂದೆ ಬಂದು ನಿಲ್ಲುತ್ತಾಳೆ. "ಇದು ಮಾರ್ನಿಕ್ಸ್ ಅಲ್ಲ." ಗೋಡೆಲೀವ ಚಾಕುವಿಗೆ ಕೈ ಹಾಕುತ್ತಾರೆ. ರೋಜೆಟ್ ಆ ಕೈ ಹಿಡಿದುಕೊಳ್ಳುತ್ತಾಳೆ. "ಬೇಡ, ಬಿಡು. ಮೂಗು ಅವನದೇ. ಅಳೋ ಕಣ್ಣು ಇವನದು. ಇಬ್ರೂ ಇರ್ಲಿ."

"ಬಣ್ಣ ಹಸಿ ಇದೆ, ಹೊರೋವಾಗ ಅಂಚು ಮಾತ್ರ ಹಿಡೀಬೇಕು. ಒಬ್ಬರ ಕೈಲಿ ಆಗಲ್ಲ" ಎನ್ನುತ್ತಾರೆ ಗೋಡೆಲೀವ.

ರೋಜೆಟ್ ವಿಲ್ಫ್ರೀಡನ ಕಡೆ ತಿರುಗುತ್ತಾಳೆ. "ಕೇಳಿಸ್ತಾ? ನಾಳೆ ಒಂಬತ್ತಕ್ಕೆ ಬಾ, ನಾವಿಬ್ರೂ ಹೊತ್ಕೊಂಡು ಹೋಗೋಣ. ಗಡ್ಡ ಬೋಳಿಸ್ಕೊಂಡು ಬಾ."

ಅವರಿಬ್ಬರೂ ಇಳಿದುಹೋದ ಮೇಲೆ, ಚಿತ್ರದ ಮೇಲೆ ನಿಮ್ಮ ಹೆಸರು ಹಾಕುವುದಿಲ್ಲವೇ ಎಂದು ಕೇಳುತ್ತೇನೆ. ಗೋಡೆಲೀವ ಬ್ರೆಡ್ಡು ಮುರಿಯುತ್ತಾ ನಗುತ್ತಾರೆ.

"ಹಿಂಬದೀಲಿ ಬರ್ದಿದ್ದೀನಿ. ನಾಳೆ ನಾನು ಕೊನೇ ಬೆಂಚಲ್ಲಿ ಕೂತಿರ್ತೀನಿ. ಬರೆದೋರು ಯಾರು ಅಂತ ಯಾರೂ ಕೇಳೋದು ಬೇಡ. ಇವನು ಅಣ್ಣನೋ ತಮ್ಮನೋ ಅಂತ ಜನ ಜಗಳ ಆಡ್ಲಿ, ನಂಗಷ್ಟು ಸಾಕು."