ಪಡುಕೆರೆಯ ಅಳತೆ

ನನ್ನ ಅಕ್ಕನ ಗಂಡ ಪ್ರೇಮನಾಥ ಭಾವನ ಜೊತೆ ಪ್ರಯಾಣ ಹೊರಡುವವರು ಹಸಿವೆಯನ್ನು ಮನೆಯಲ್ಲೇ ಬಿಟ್ಟು ಬರಬೇಕು. ಜೀವಮಾನವೆಲ್ಲ ಹೋಟೆಲಿನ ಗಲ್ಲಾದಲ್ಲಿ ಕೂತ ಮನುಷ್ಯ, ಕಂಡ ಕಂಡಲ್ಲಿ ತಿಂಡಿಗೆ ನುಗ್ಗುವ ಪೈಕಿಯವರಲ್ಲ. ಆ ಭಾನುವಾರ ಮುಂಬಯಿ ಪಕ್ಕದ ಘಣಸೋಲಿಯ ಮನೆಯಿಂದ ನಸುಕಿನಲ್ಲೇ ಹೊರಟಿದ್ದೆವು. ಸೀವುಡ್ಸ್ ಹೋಯಿತು, ಪನವೇಲ್ ಹೋಯಿತು, ನನ್ನ ಹೊಟ್ಟೆ ತಾಳ ಹಾಕತೊಡಗಿತು. ಭಾವ ಒಂದೊಂದೇ ಹೋಟೆಲಿನ ಮುಂದೆ ಕಾರು ನಿಲ್ಲಿಸಿ ಇಳಿಯುವರು, ತಿಂಡಿಯ ಕಡೆ ಕಣ್ಣೂ ಹಾಯಿಸದೆ ನೆಟ್ಟಗೆ ಕೈತೊಳೆಯುವಲ್ಲಿಗೆ ಹೋಗಿ ನೋಡುವರು, ತಲೆಯಾಡಿಸಿ ವಾಪಸು ಬರುವರು.

"ಭಾವ, ನಾವು ಹೆಣ್ಣು ನೋಡ್ಲಿಕ್ಕೆ ಹೊರಟದ್ದಾ, ತಿಂಡಿ ತಿನ್ಲಿಕ್ಕಾ?" ಎಂದೆ. ನನ್ನ ಬಾಯಿ ಸುಮ್ಮನಿರುವ ಜಾತಿಯದ್ದಲ್ಲ.

"ಬೇಸಿನ್ ಹತ್ರವೇ ಗಲೀಜು ಇದ್ರೆ ಒಳಗಿನ ಅಡುಗೆಮನೆ ಹೇಗಿರ್ಬಹುದು ವನಮಾಲಾ? ಸ್ವಲ್ಪ ತಡ್ಕೊ ಮಾರಾಯ್ತಿ."

ಕೊನೆಗೆ ಪೇಣ್ ದಾಟಿ ಅವರು ಒಪ್ಪಿದ ಒಂದು ಸಣ್ಣ ಹೋಟೆಲಿನ ಚಹಾ ಅಮೃತದ ಹಾಗಿತ್ತು. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ, ಹೇಳಿದರೆ ಆಮೇಲೆ ಹಿಡಿಯುವವರು ಯಾರು.

ಭಾವ ಮಲ್ಪೆ ಹತ್ತಿರದ ಪಡುಕೆರೆಯವರು, ಕಡಲಲ್ಲಿ ಮೀನು ಹಿಡಿಯುವ ಮೊಗವೀರರು. ಮೀಸೆ ಮೂಡುವ ಮೊದಲೇ ಮುಂಬಯಿಗೆ ಬಂದು ಟೇಬಲ್ ಒರೆಸಿದರು, ಆಮೇಲೆ ಗಲ್ಲಾದಲ್ಲಿ ಕೂತು ಇಡೀ ಹೋಟೆಲನ್ನು ಕಣ್ಸನ್ನೆಯಲ್ಲೇ ನಡೆಸಿದರು. ಹೋಟೆಲಿನವರಿಗೆ ಭಾನುವಾರವೇ ದುಡಿಮೆಯ ದಿನ, ಹಾಗಾಗಿ ಅಕ್ಕ ಜಯಲತಾ ಮದುವೆಯಾದಂದಿನಿಂದ ಗಂಡನ ಜೊತೆ ಒಂದು ಭಾನುವಾರ ಕಂಡವಳಲ್ಲ. ಈಚೆಗೆ ಆ ಕಟ್ಟಡವನ್ನೇ ಕೆಡವಿದರು, ಹೋಟೆಲ್ ಮುಚ್ಚಿತು. ಹತ್ತಾರು ಜನರನ್ನು ಕುಣಿಸಿದ ಭಾವನ ಮಾತನ್ನು ಈಗ ಮನೆಯ ಟೀವಿ ರಿಮೋಟ್ ಕೂಡ ಕೇಳುವುದಿಲ್ಲ. ಎದ್ದು ಏನಾದರೂ ಮಾಡಹೊರಟರೆ ಮಗ ಸಮಿತ್, "ಪಪ್ಪಾ, ಆಪ್ ರೆಹನೇ ದೋ" ಎನ್ನುತ್ತಾನೆ. ನೀವು ಬಿಡಿ, ನಾನು ಮಾಡುತ್ತೇನೆ ಅಂತ. ಪ್ರೀತಿಯಿಂದಲೇ ಹೇಳುತ್ತಾನೆ ಪಾಪ. ಆದರೆ ಆ ಮಾತನ್ನು ಒಬ್ಬ ಗಂಡಸು ದಿನಕ್ಕೆ ಎಷ್ಟು ಸಲ ಕೇಳಬಹುದು?

ಆ ಭಾನುವಾರ ಎಳ್ಳಮಾವಾಸ್ಯೆ ಬಿದ್ದಿತ್ತು. ಊರಲ್ಲಾದರೆ ಅವತ್ತು ಎಲ್ಲರೂ ಕಡಲಲ್ಲಿ ಮುಳುಗು ಹಾಕುತ್ತಾರೆ. ಅಕ್ಕನ ಮಂಡಿ ಸವೆದು ಹೋಗಿದೆ, ವಾಕರ್ ಇಲ್ಲದೆ ಬಚ್ಚಲಿಗೂ ಹೋಗಲಾರಳು. "ಒಮ್ಮೆ ಕಡಲ ನೀರಿಗೆ ಕಾಲು ತಾಗಿಸ್ಬೇಕಿತ್ತು" ಎಂದು ಅವಳು ಯಾವಾಗಲೋ ಅಂದದ್ದನ್ನು ಭಾವ ಹಿಡಿದುಕೊಂಡರು. ನಾನು ತೋರಿಸುತ್ತೇನೆ, ನಾನು ಹೇಳಿದ ದಾರಿ, ನಾನು ಹೇಳಿದ ಜಾಗ ಎಂದರು. ಸಮಿತ್ ಹೊಸ ಕಾರು ತೆಗೆದುಕೊಂಡಿದ್ದ, ಸೀಟಿನ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. ಈ ಒಂದು ದಿನವಾದರೂ ಭಾವನ ಮಾತು ನಡೆಯಬೇಕಿತ್ತು. ಅದು ನನಗೆ ಗೊತ್ತಿತ್ತು, ಅಕ್ಕನಿಗೆ ಗೊತ್ತಿತ್ತು, ಬಹುಶಃ ಸಮಿತನಿಗೂ ಗೊತ್ತಿತ್ತು.

ರೇವ್‌ದಂಡಾ ಸೇತುವೆ ದಾಟಿದ ಮೇಲೆ ರಸ್ತೆ ಕಡಲ ಪಕ್ಕದಲ್ಲೇ ಓಡತೊಡಗಿತು. ಗಾಳಿಮರಗಳ ಸಂದಿನಲ್ಲಿ ನೀರು ಹೊಳೆಯುತ್ತಿತ್ತು. ಭಾವ ಎಸಿ ಬಂದ್ ಮಾಡಿಸಿ, ಗಾಜಿಳಿಸಿ, ಅಪ್ಪನ ರಂಪಣಿ ಬಲೆಯ ಕಥೆ ಶುರು ಮಾಡಿದರು. ಊರಿಗೆ ಊರೇ ಸೇರಿ ದಡಕ್ಕೆ ಎಳೆಯುವ ಬಲೆ ಅದು. ಸೊಸೆ ನಿಕಿತಾ ಫೋನು ಕೆಳಗಿಟ್ಟು, "ಆಮೇಲೆ ಎಂತಾಯ್ತು ಮಾವ?" ಎಂದು ಕೇಳಿದಳು. ಆ ಮನೆಯಲ್ಲಿ ಭಾವನನ್ನು ಯಾರಾದರೂ ಹಾಗೆ ಕೇಳಿದ್ದನ್ನು ನಾನು ನೋಡಿ ಎಷ್ಟೋ ದಿನವಾಗಿತ್ತು.

ಭಾವ ತೋರಿಸಿದ ದಂಡೆಗೆ ಬಂದರೆ ನೀರು ಎಲ್ಲೋ ದೂರ ಸರಿದಿತ್ತು. ಬೇರೆಯವರ ಕಾರುಗಳೆಲ್ಲ ಮೇಲೆ ಮರದಡಿ ನಿಂತಿದ್ದವು. ಅಕ್ಕ ಆ ದೂರ ನೋಡಿ, "ಇಲ್ಲಿಂದಲೇ ಕಂಡಿತಲ್ಲ, ಸಾಕು" ಎಂದಳು. ಭಾವ ಇಳಿದು ಹೋಗಿ ಒದ್ದೆ ಮರಳನ್ನು ಹಿಮ್ಮಡಿಯಿಂದ ಗುದ್ದಿ ನೋಡಿದರು.

"ಗಟ್ಟಿ ಉಂಟು. ಗಾಡಿ ಇಳಿಸು ಸಮಿತ್."

"ಪಪ್ಪಾ, ಪಾನಿ ಆಯಾ ತೋ?" ನೀರು ಬಂದರೆ ಅಂತ.

"ಅಮಾವಾಸ್ಯೆ ದಿನ ಮಧ್ಯಾಹ್ನ ಭರತ, ನೀರು ಏರುವ ಹೊತ್ತು. ಏರಿದ್ರೂ ಎಷ್ಟು ಏರ್ತದೆ, ಸೊಂಟದಷ್ಟು. ಇಲ್ಲಿವರೆಗೆ ಬರುದಿಲ್ಲ. ನಾನು ಕಡಲ ಬುಡದಲ್ಲಿ ಹುಟ್ಟಿದವ."

ಕುದುರೆಗಾಡಿಯ ಮುದುಕನೊಬ್ಬ ಮರಾಠಿಯಲ್ಲಿ, ಕಾಕಾ, ನೀರು ತುಂಬುತ್ತಿದೆ, ಗಾಡಿ ಮೇಲಿರಲಿ ಎಂದ. ಭಾವ ನಕ್ಕು, ನಾವೂ ಕೋಳಿ ಜನವೇ ಎಂದು ಅವನ ಭಾಷೆಯಲ್ಲೇ ಹೇಳಿದರು. ಅಲ್ಲಿ ಮೀನುಗಾರರಿಗೆ ಹಾಗನ್ನುತ್ತಾರೆ. ಭರತದ ಲೆಕ್ಕ ನೋಡಲು ಸಮಿತ್ ಫೋನು ತೆಗೆದ, ಅಪ್ಪನ ಮುಖ ನೋಡಿದ, ಫೋನು ಜೇಬಿಗಿಟ್ಟು ಕಾರು ಇಳಿಸಿದ.

ಅಕ್ಕನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆವು. ನೀರು ತಾನೇ ಬಂದು ಅವಳ ಪಾದ ಮುಟ್ಟಿತು. ಅವಳು ಬೊಗಸೆಯಲ್ಲಿ ನೀರೆತ್ತಿ ತಲೆಗೆ ಹಾಕಿಕೊಂಡು ಸಣ್ಣ ಹುಡುಗಿಯ ಹಾಗೆ ನಕ್ಕಳು. ಭಾವ ಸೊಂಟದ ಮೇಲೆ ಕೈಯಿಟ್ಟು ನಿಂತು ನನ್ನ ಕಡೆ ನೋಡಿದರು. ನನಗೂ ಖುಷಿಯಾಗಿತ್ತು.

ಭಾವನ ಲೆಕ್ಕ ಸುಳ್ಳಾಗಿರಲಿಲ್ಲ, ಆದರೆ ಅದು ಪಡುಕೆರೆಯ ಲೆಕ್ಕ. ಅಲ್ಲಿ ಭರತ ಬಂದರೆ ಸೊಂಟದಷ್ಟು. ಈ ಸೀಮೆಯ ಕಡಲು ಅಮಾವಾಸ್ಯೆಯ ದಿನ ಎರಡಾಳೆತ್ತರ ಏರುತ್ತದೆ, ದಂಡೆಯೋ ದೋಸೆ ಕಾವಲಿಯಷ್ಟು ಚಪ್ಪಟೆ. ಇದು ನಮಗೆ ತಿಳಿದದ್ದು ಆಮೇಲೆ.

ನೀರು ಮೊದಲು ಕುರ್ಚಿಯನ್ನು ಸುತ್ತಿತು, ಮತ್ತೆ ನಮ್ಮ ಬೆನ್ನ ಹಿಂದಿನ ತಗ್ಗಿನಲ್ಲಿ ತುಂಬಿತು. ಸಮಿತ್ ಓಡಿ ಹೋಗಿ ಕಾರು ಚಾಲೂ ಮಾಡಿದ. ಚಕ್ರ ನಿಂತಲ್ಲೇ ತಿರುಗಿ ಮರಳು ತೋಡಿತು. ಭಾವ, "ನಿಧಾನ, ನಿಧಾನ ಕೊಡು" ಎನ್ನುತ್ತಾ ಹಿಂದಿನಿಂದ ದೂಡಿದರು, ಜಾರಿ ಮೊಣಕಾಲೂರಿ ಬಿದ್ದರು, ಎದ್ದು ಮತ್ತೆ ದೂಡಿದರು. ನಾನೂ ನಿಕಿತಾಳೂ ಸೇರಿದೆವು. ಕಾರು ಇನ್ನಷ್ಟು ಕೂತಿತು. ಕಡೆಗೆ ಕಾರು ಬಿಟ್ಟು ಅಕ್ಕನನ್ನು ಕುರ್ಚಿ ಸಮೇತ ಎತ್ತಿದೆವು. ಭಾವ ಯಾರ ಮಾತಿಗೆ ನಕ್ಕಿದ್ದರೋ ಅದೇ ಮುದುಕ ಬಂದು ಅವಳನ್ನು ತನ್ನ ಗಾಡಿಗೆ ಹತ್ತಿಸಿಕೊಂಡ. ಅವನು ಒಂದು ಮಾತು ಬೈದಿದ್ದರೂ ವಾಸಿಯಿತ್ತು.

ಊರೊಳಗಿಂದ ಟ್ರಾಕ್ಟರ್ ತರಿಸಿದರು. ಹಗ್ಗ ಬಿಗಿದು ಎಳೆದರು, ಹಗ್ಗ ಹರಿಯಿತು. ಹೊಸ ಹಗ್ಗ ಬರುವಷ್ಟರಲ್ಲಿ ಅಲೆ ಕಿಟಕಿಯೊಳಗೆ ಹೋಗುತ್ತಿತ್ತು. ಇನ್ನು ನೀರು ಇಳಿಯಬೇಕು ಎಂದು ಟ್ರಾಕ್ಟರಿನವನು ಬೀಡಿ ಹಚ್ಚಿದ. ಜನ ಸೇರಿ ವಿಡಿಯೋ ಮಾಡುತ್ತಿದ್ದರು. ನಮಗೆ ಮಾಡುವುದೇನೂ ಉಳಿದಿರಲಿಲ್ಲ. ಭಾವ ಮಾತ್ರ ಎದೆಮಟ್ಟದ ನೀರಲ್ಲಿ ಕಾರಿನ ಬಾಗಿಲು ಹಿಡಿದುಕೊಂಡು ನಿಂತಿದ್ದರು, ಅವರು ಬಿಟ್ಟರೆ ಅದು ತೇಲಿ ಹೋಗುತ್ತದೆ ಎಂಬಂತೆ. ಸಮಿತ್ ಹೋಗಿ, "ಪಪ್ಪಾ, ರೆಹನೇ ದೋ" ಎಂದು ಕೈ ಹಿಡಿದು ಕರೆತಂದ.

ಅವನು ಬೈಯಲಿಲ್ಲ. ನನಗೆ ಬಾಯಿ ಕಡಿಯುತ್ತಿತ್ತು, ಆದರೆ ಅಕ್ಕ ನನ್ನ ಸೆರಗು ಹಿಡಿದು ಕೂತಿದ್ದಳು. "ನನ್ನ ಕಾಲಿಂದಾಗಿ" ಎಂದು ಅವಳು ಅದನ್ನೇ ಹೇಳುತ್ತಿದ್ದಳು.

ಸಂಜೆ ನೀರಿಳಿದ ಮೇಲೆ ಕಾರನ್ನು ಎಳೆದು ಹಾಕಿದರು. ಬಾಗಿಲು ತೆರೆದರೆ ಮರಳು ಸುರಿಯಿತು. ಸೀಟಿನ ಪ್ಲಾಸ್ಟಿಕ್ ಮಾತ್ರ ಹಾಗೇ ಇತ್ತು. ಸಮಿತನ ಗೆಳೆಯ ಕುಶಲ ಥಾಣೆಯಿಂದ ಫೋನು ಮಾಡಿದ, ಆ ವಿಡಿಯೋ ಅವನವರೆಗೂ ಮುಟ್ಟಿತ್ತು. ನಾನೂ ಭಾವನೂ ಅಲ್ಲೇ ಕಟ್ಟೆಯ ಮೇಲಿದ್ದೆವು. ಸಮಿತ್ ನಮಗೆ ಬೆನ್ನು ಹಾಕಿ ಹಿಂದಿಯಲ್ಲಿ ಹೇಳಿದ, ಮೆಲ್ಲಗೆ, ಆದರೆ ಕೇಳುವ ಹಾಗೆ: "ಪಪ್ಪಾ ತೋ ಮನಾ ಕರ್ ರಹೇ ಥೇ ಯಾರ್. ಮೈಂ ಹೀ ಲೇ ಗಯಾ."

ಅಪ್ಪ ಬೇಡ ಅಂದಿದ್ದರು, ನಾನೇ ಇಳಿಸಿದೆ ಅಂತ.

ಭಾವ ತಮ್ಮ ಒದ್ದೆ ಪಂಚೆಯ ಅಂಚು ಹಿಂಡುತ್ತಿದ್ದರು. ಕೈ ನಿಂತಿತು. "ಕೇಳಿದಿಯಾ ವನಮಾಲಾ?" ಎಂದರು. "ಇವ ನನಗೆ ನಾಲ್ಕು ಮಾತು ಬೈಬೇಕಿತ್ತು."

ಬಾಡಿಗೆ ಜೀಪಿನಲ್ಲಿ ಹಿಂತಿರುಗಿದೆವು. ಪೇಣ್ ಹತ್ತಿರ ಬರುವಾಗ ಡ್ರೈವರ್, ಚಹಾಕ್ಕೆ ಎಲ್ಲಿ ನಿಲ್ಲಿಸಲಿ ಎಂದು ಕೇಳಿದ. ಅಭ್ಯಾಸ ಬಲ, ನಾವೆಲ್ಲ ಭಾವನ ಕಡೆ ತಿರುಗಿದೆವು. ಬೆಳಿಗ್ಗೆಯ ಆ ಹೋಟೆಲ್ ಎದುರಿಗೇ ಬರುತ್ತಿತ್ತು, ದೀಪ ಉರಿಯುತ್ತಿತ್ತು.

"ಅವನನ್ನು ಕೇಳಿ" ಎಂದು ಭಾವ ಮಗನನ್ನು ತೋರಿಸಿದರು.

ಸಮಿತನಿಗೆ ಹೋಟೆಲುಗಳ ಗುರುತೆಲ್ಲಿ? ಮುಂದೆ ಎಲ್ಲೋ ಬೆರಳು ತೋರಿಸಿದ, ಅಲ್ಲಿ ಇಳಿದೆವು. ಭಾವ ಬೇಸಿನ್ ಕಡೆ ಹೋಗಲಿಲ್ಲ, ನೆಟ್ಟಗೆ ಬಂದು ಕುರ್ಚಿಯಲ್ಲಿ ಕೂತರು. ಚಹಾಕ್ಕೆ ಸುಟ್ಟ ಹಾಲಿನ ವಾಸನೆಯಿತ್ತು, ನಾನು ಒಂದು ಗುಟುಕಿಗೇ ಕೆಳಗಿಟ್ಟೆ.

"ಹೇಗುಂಟು ಪಪ್ಪಾ?" ಎಂದು ಸಮಿತ್ ಕೇಳಿದ, ಕನ್ನಡದಲ್ಲೇ.

"ಒಳ್ಳೇದುಂಟು" ಎಂದು ಭಾವ ಪೂರ್ತಿ ಕುಡಿದು ಮುಗಿಸಿದರು.