ಅನಂತ ಎಂಬ ಉತ್ತರ

1937ರಲ್ಲಿ ಶಿರಸಿಯಲ್ಲಿ ನನ್ನದೊಂದು ಸಣ್ಣ ಪ್ರೆಸ್ಸಿತ್ತು. ಬನವಾಸಿ ಕಡೆಯಿಂದ ಬರಿಗೈಯಲ್ಲಿ ಬಂದು, ಅಚ್ಚಿನ ಮೊಳೆ ಜೋಡಿಸುವುದರಿಂದ ಹಿಡಿದು ಗಿರಾಕಿಯನ್ನು ಒಪ್ಪಿಸುವವರೆಗೆ ಎಲ್ಲವನ್ನೂ ನಾನೇ ಕಲಿತಿದ್ದೆ. ಚೌಕಾಶಿಯಲ್ಲಿ ಸೋತವನಲ್ಲ.

ಆ ಬೇಸಿಗೆಯಲ್ಲಿ ಸಿದ್ದಾಪುರದ ವಿಜ್ಞಾನದ ಮಾಸ್ತರು ಅನಂತ ಅವರು ಒಂದು ಬರಹ ತಂದರು. ಧಾರವಾಡದ ಕಾಲೇಜೊಂದರಲ್ಲಿ ಪ್ರಯೋಗ ಮಾಡಿ ತೋರಿಸುವ ಡೆಮಾನ್‌ಸ್ಟ್ರೇಟರ್ ಕೆಲಸ ಖಾಲಿಯಿತ್ತು. ಅರ್ಜಿಯ ಜೊತೆ ಇದು ಅಚ್ಚಾಗಿ ಹೋಗಬೇಕಿತ್ತು. ಉಳಿದದ್ದು ಐದೇ ದಿನ.

"ಏನ್ ಬರದೀರ್ರಿ ಮಾಸ್ತರ್ರ?"

"ಎಲೆಕ್ಟ್ರಾನ್ ಬಗ್ಗೆ. ಅದು ಅಲುಗಾಡಿದ್ರೆ ಸುತ್ತಲಿನ ವಿದ್ಯುತ್ ಕ್ಷೇತ್ರದಲ್ಲಿ ತೆರೆ ಏಳ್ತದೆ. ರೇಡಿಯೋ ಕೇಳೋದು ಅದ್ರಿಂದ್ಲೇ. ತೆರೆ ಶಕ್ತಿ ಹೊತ್ಕೊಂಡು ಹೋಯ್ತು ಅಂದ್ಮೇಲೆ ಎಲೆಕ್ಟ್ರಾನಿಗೆ ಎಂತದೋ ತಡೆ ಇರಬೇಕು. ಹತ್ತಿರ ಮತ್ತೆಂತದೂ ಇಲ್ಲೆ. ತಡೆಯೋದು ಅದರದ್ದೇ ಕ್ಷೇತ್ರ."

"ತನ್ನ ಹೊಲದ ಬೇಲಿ ತನಗ ಚುಚ್ಚಿದಂಗ ಅನ್ರಿ."

ಮಾಸ್ತರು ನಕ್ಕರು. ಆ ನಗುವಿನಲ್ಲೇ ನಾನು ವ್ಯಾಪಾರ ಕುದುರಿಸಿದೆ. ತಪ್ಪು ತಿದ್ದಿಸಲು ಪ್ರೂಫ್ ತೆಗೆದರೆ, ಅದು ಬಸ್ಸಿನಲ್ಲಿ ಸಿದ್ದಾಪುರಕ್ಕೆ ಹೋಗಿ ಬರಲು ಎರಡು ದಿನ ಬೇಕು. "ಪ್ರೂಫ್ ಬಿಟ್ಟುಬಿಡ್ರಿ. ಅರ್ಜಿ ಇಲ್ಲೇ ಇಟ್ಟು ಹೋಗ್ರಿ, ಪುಸ್ತಿಕೆ ಸೇರಿಸಿ ನಾನೇ ಅಂಚೆಗೆ ಹಾಕ್ತೀನಿ" ಎಂದೆ. ಅವರು ಹಿಂದೆಮುಂದೆ ನೋಡಿ ಒಪ್ಪಿದರು.

ಒಂದು ಶೀಟು ಮಡಚಿದರೆ ಎಂಟು ಪುಟ. ಎಂಟನೆಯ ಪುಟ ತುಂಬುವ ಹೊತ್ತಿಗೆ ಹಸ್ತಪ್ರತಿಯಲ್ಲಿ ಹೀಗಿತ್ತು: "ವಿದ್ಯುತ್ತಿನ ಪುಟ್ಟ ಗುಂಡನ್ನು ಕುಗ್ಗಿಸಿದಷ್ಟೂ ಅದರ ಸ್ವಂತ ಕ್ಷೇತ್ರದ ಶಕ್ತಿ ಏರುತ್ತದೆ. ಗುಂಡು ಬರೀ ಬಿಂದುವಾದರೆ ಎಷ್ಟಾದೀತು?" ಅದರ ಕೆಳಗೆ, ಬಲಕ್ಕೆ, ಒಂದೇ ಪದ: ಅನಂತ.

ಇನ್ನೊಂದು ಹಾಳೆ ಉಳಿದಿತ್ತು. ಅದರ ಮೊದಲ ಸಾಲು, "ಇದು ಅಸಾಧ್ಯ, ನಮ್ಮ ಸಿದ್ಧಾಂತದಲ್ಲೇ ಎಲ್ಲೋ ದೋಷವಿದೆ." ರುಜು ಆದ ಮೇಲಿನ ಬರಹ, ಮಾಸ್ತರು ತಮಗಾಗಿ ಗೀಚಿಕೊಂಡದ್ದು ಎಂದುಕೊಂಡೆ. ಕೆಲಸ ಕೇಳುವವನು ದೋಷ ಒಪ್ಪಿಕೊಳ್ಳುತ್ತಾನೆಯೇ? ಹಾಳೆಯನ್ನು ಡ್ರಾಯರಿಗೆ ಹಾಕಿದೆ. ಹೆಸರನ್ನು ದಪ್ಪ ಮೊಳೆಯಲ್ಲಿ ಕೂರಿಸಿ, ಅಂಚೆಗೆ ಹಾಕಿ, ಉಳಿದ ಪ್ರತಿಗಳನ್ನು ಸಿದ್ದಾಪುರದ ಬಸ್ಸಿಗೆ ಏರಿಸಿದೆ.

ಮರುದಿನವೇ ಮಾಸ್ತರು ಬಂದರು. ಕೊನೆಯ ಪುಟ ಬಿಡಿಸಿ ನನ್ನ ಮುಂದಿಟ್ಟರು.

"ಯಾಕ್ರಿ, ಹೆಸರು ದಪ್ಪ ಆತೇನು?"

"ಅದು ನನ್ನ ಹೆಸರಲ್ಲ ಮಾರಾಯ್ರೆ," ಎಂದರು. "ಅದು ಉತ್ತರ."

ಅಂದೇ ಉಳಿದ ಹಾಳೆಯನ್ನು ಅಚ್ಚು ಹಾಕಿ ಕಳಿಸಿದೆ. ಅದು ಮುಟ್ಟುವಷ್ಟರಲ್ಲಿ ಆಯ್ಕೆ ಮುಗಿದಿತ್ತು. ಧಾರವಾಡದಿಂದ ಬಂದ ಕಾಗದದಲ್ಲಿ ಒಂದು ಸಾಲಿತ್ತು: ಪ್ರಶ್ನೆ ಎತ್ತಿ, ಉತ್ತರ ಹೇಳುವ ಜಾಗದಲ್ಲಿ ರುಜು ಹಾಕಿದ್ದೀರಿ.

ಮಾಸ್ತರು ನಿವೃತ್ತರಾಗುವವರೆಗೂ ಸಿದ್ದಾಪುರದಲ್ಲೇ ಪಾಠ ಹೇಳಿದರು. ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ನನ್ನಲ್ಲಿಗೇ ಕಳಿಸುತ್ತಿದ್ದರು. ಅವರು ಪ್ರೂಫ್ ಎಂದೂ ಕೇಳಲಿಲ್ಲ. ಪ್ರತಿ ಸಲವೂ ನಾನೇ ಒಯ್ದು ತೋರಿಸಿ ಬರುತ್ತಿದ್ದೆ.

ಪ್ರೆಸ್ಸು ಇಡುವವರಿಗೆ ನನ್ನದೊಂದೇ ಮಾತು. ಕಾಗದದ ಮೇಲೆ ಚೌಕಾಶಿ ಮಾಡಿ, ಮಸಿಯ ಮೇಲೆ ಮಾಡಿ, ಪ್ರೂಫಿನ ಮೇಲೆ ಬೇಡ. ನಿಮಗೆ ತಿಳಿಯದ ಹಾಳೆಯನ್ನು ಡ್ರಾಯರಿಗೆ ಹಾಕುವ ಮೊದಲು ಬರೆದವರನ್ನು ಕೇಳಿ. ಸಿದ್ದಾಪುರಕ್ಕೆ ಅಂದೂ ಬಸ್ಸಿತ್ತು.